ಕಬ್ಬಿನ ಸೀಮೆಯ ಕಾರ್ಬುರೇಟರ್

ಹಳೇ ಕಾರ್ಬುರೇಟರ್ ಒಂದನ್ನು ಬಿಚ್ಚಿ, ಅದರ ಹೊಟ್ಟೆಯೊಳಗಿನ ಜೆಟ್ಟು, ಸೂಜಿ, ಫ್ಲೋಟು ಎಲ್ಲಾ ತೆಗೆದು ಹಾಕ್ರಿ. ಗಾಳಿ ಹೋಗೋ ಕೊಳವೆ, ಅದರ ನಡುವೆ ತಿರುಗೋ ದುಂಡನೆಯ ತಗಡು, ಇಷ್ಟೇ ಉಳೀತದೆ. ಈಗ ಅದನ್ನು ಶೋರೂಮಿನಿಂದ ಬಂದ ಹೊಸ ಬೈಕಿನ ಥ್ರಾಟಲ್ ಬಾಡಿಯ ಪಕ್ಕ ಇಟ್ಟು ನೋಡ್ರಿ. ಎರಡೂ ಒಂದೇ ಮನೆತನದವು ಅಂತ ಕಣ್ಣಿಗೇ ಗೊತ್ತಾಗ್ತದೆ. ಅಡ್ಡಹೆಸರು ಮಾತ್ರ ಬೇರೆ.

ಹಳೇ ಕಾರ್ಬುರೇಟರುಗಳನ್ನು ಹೀಗೆ ಖಾಲಿ ಮಾಡಿ, ಇಂಜೆಕ್ಷನ್ ಇಂಜಿನ್ನಿಗೆ ಸಿಲಿಂಡರಿಗೊಂದರಂತೆ ಥ್ರಾಟಲ್ ಬಾಡಿಯಾಗಿ ಕೂರಿಸುವ ಹವ್ಯಾಸ ಯುರೋಪು, ಅಮೆರಿಕಾ, ಜಪಾನುಗಳಲ್ಲಿ ಬಹಳ ದಿನದಿಂದ ಇದೆ. ಅಲ್ಲಿಯವರಿಗೆ ಅದು ರೇಸಿನ ಮಾತು, ಇಲ್ಲವೇ ಹಳೇ ಕಾರಿನ ಚೆಲುವಿನ ಮಾತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳಲ್ಲೇ ಗಾಡಿ ಓಡಿಸಿ ಬೆಳೆದ ನನಗೆ ಅದರಲ್ಲಿ ಬೇರೆಯೇ ಒಂದು ಕಥೆ ಕಾಣ್ತದೆ. ಆ ಕಥೆಯಲ್ಲಿ ಕೃಷ್ಣಾ ನದಿ ಇದೆ, ಡೀಸೆಲ್ ಇಂಜಿನ್ ಇದೆ, ಕಡೆಗೆ ನಮ್ಮ ಕಬ್ಬೂ ಇದೆ.

ಮೊದಲು ಕಾರ್ಬುರೇಟರಿನ ಕುಲಗೋತ್ರ ನೋಡೋಣ. 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ಎಂಬ ಹೆಣ್ಣುಮಗಳು ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಕಾರು ಓಡಿಸಿಕೊಂಡು ಹೋದಳು. ದಾರಿಯಲ್ಲಿ ಎಣ್ಣೆ ತೀರಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಎಣ್ಣೆಯ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ನಮ್ಮ ಗ್ಯಾರೇಜುಗಳಲ್ಲಿ ಕ್ಲಚ್ ವೈರಿನ ಒಂದು ಎಳೆ ಕಿತ್ತು ಜೆಟ್ಟಿನೊಳಗೆ ಆಡಿಸ್ತಾರಲ್ಲ, ಆ ವಿದ್ಯೆಯ ಮೂಲ ಗುರು ಈಕೆ ಅಂದರೂ ತಪ್ಪಿಲ್ಲ.

ಆ ಕಾರಿನಲ್ಲಿದ್ದುದು ಎಣ್ಣೆಯ ಮೇಲೆ ಗಾಳಿ ಹಾಯಿಸಿ ಆವಿ ಹಿಡಿಯುವ ಸಾಧನ. ಸಣ್ಣ ತೂತಿನಿಂದ ಎಣ್ಣೆ ಚಿಮ್ಮುವ ಈಗಿನ ಮಾದರಿ ಬಂದದ್ದು 1893ರಲ್ಲಿ. ಜರ್ಮನಿಯ ವಿಲ್‌ಹೆಲ್ಮ್ ಮೇಬಾಖ್ ಒಂದು ಕಡೆ, ಹಂಗೇರಿಯ ಬಾಂಕಿ ಮತ್ತು ಚೊಂಕಾ ಇನ್ನೊಂದು ಕಡೆ, ಅದೇ ಕಾಲಕ್ಕೆ ಅದನ್ನು ಮಾಡಿದರು. ತತ್ವ ಸರಳ. ಕೊಳವೆಯ ನಡುವನ್ನು ಸಣ್ಣದು ಮಾಡಿದರೆ ಅಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳೀತದೆ. ಆ ಜಾಗದಲ್ಲಿ ಜೆಟ್ಟಿನ ಬಾಯಿ ಇಟ್ಟರೆ ಬಟ್ಟಲಿನ ಪೆಟ್ರೋಲು ತಾನೇ ಎದ್ದು ಗಾಳಿಗೆ ಸೇರ್ತದೆ. ನಮ್ಮ ಗ್ಯಾರೇಜಿನ ಮಾತಿನಲ್ಲಿ ಹೇಳೋದಾದರೆ, ಗಾಳಿ ಎಷ್ಟ ಎಳಿತೈತಿ ಎಣ್ಣಿ ಅಷ್ಟ ಬರ್ತೈತಿ.

ಅಂದರೆ ಕಾರ್ಬುರೇಟರಿಗೆ ಎರಡು ಕೆಲಸ. ಗಾಳಿಯನ್ನು ತಡೆದು ಬಿಡೋದು ಒಂದು, ಆ ಗಾಳಿಗೆ ತಕ್ಕ ಎಣ್ಣೆ ಅಳೆದು ಕೊಡೋದು ಇನ್ನೊಂದು. ಎರಡನ್ನೂ ಕರೆಂಟಿಲ್ಲದೆ, ಲೆಕ್ಕದ ಯಂತ್ರವಿಲ್ಲದೆ, ಹಿತ್ತಾಳೆಯ ತೂತುಗಳ ಅಳತೆಯಿಂದಲೇ ಮಾಡಿ ತೋರಿಸಿದ್ದು ಅದರ ದೊಡ್ಡತನ. ಮುಂದೆ ಅದಕ್ಕೆ ಕುತ್ತು ಬಂದದ್ದೂ ಆ ತೂತಿನ ಅಳತೆಯಿಂದಲೇ.

ಈಗ ನಮ್ಮ ಊರುಗಳಿಗೆ ಬರೋಣ. ಇಂಜಿನ್ನಿನ ಮಾತು ಬಂದರೆ ನಮ್ಮ ಕಡೆ ಎಲ್ಲರ ಬಾಯಲ್ಲಿ ಮೊದಲು ಬರೋ ಹೆಸರು ಕಿರ್ಲೋಸ್ಕರ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿ, ಕಬ್ಬಿಣದ ನೇಗಿಲಿಗೆ ಬಂದರು. ಅಲ್ಲಿ ಜಾಗ ಬಿಡಬೇಕಾಗಿ ಬಂದಾಗ 1910ರಲ್ಲಿ ಔಂಧ್ ಸಂಸ್ಥಾನದ ಕುಂಡಲ್ ರೋಡಿಗೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಾಗವಾಡದವರಿಗೆ ಮೀರಜ್ ದಾಟಿದರೆ ಅದೇನು ದೂರದ ಊರಲ್ಲ. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಹುಟ್ಟಿತು. ಮುಂದೆ ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಹೊಲಗಳಿಗೆ ನೀರೆತ್ತಿದ್ದು ಡೀಸೆಲ್ ಇಂಜಿನ್ನುಗಳೇ. ಕರೆಂಟಿನ ಪಂಪ್‌ಸೆಟ್ ಬರೋ ತನಕ ಕಬ್ಬಿನ ನೀರಿಗೆ ಅದರ ಢಗ್ ಢಗ್ ಸದ್ದೇ ಗತಿ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಫ್ಯುಯೆಲ್ ಇಂಜೆಕ್ಷನ್ ಅಂದಕೂಡಲೇ ಅದು ಹೊಸ ಕಾಲದ್ದು, ಕಂಪ್ಯೂಟರಿನದು ಅಂತ ನಮ್ಮ ಜನ ತಿಳೀತಾರೆ. ಆದರೆ ಡೀಸೆಲ್ ಇಂಜಿನ್ ಓಡೋದೇ ಇಂಜೆಕ್ಷನ್ನಿನಿಂದ. ಬಾಷ್ ಕಂಪನಿ 1927ರಲ್ಲೇ ಡೀಸೆಲ್ ಪಂಪುಗಳನ್ನು ಸಾಲಾಗಿ ತಯಾರಿಸಲು ಶುರು ಮಾಡಿತ್ತು. 1950ರ ದಶಕದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಅದನ್ನೇ ನಮ್ಮ ದೇಶದಲ್ಲಿ ಮಾಡತೊಡಗಿತು. ಪಂಪು ಮತ್ತು ನಾಝಲ್ ರಿಪೇರಿ ಮಾಡುವ ಅಂಗಡಿಗಳು ನಮ್ಮ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರಿನ ಜೊತೆಜೊತೆಗೇ ಬೆಳೆದವು. ಕೈಪಂಪಿಗೆ ನಾಝಲ್ ಕಟ್ಟಿ, ಗೇಜಿನ ಮುಳ್ಳು ಹೆಚ್ಚುಕಡಿಮೆ 200 ಬಾರ್ ತೋರಿಸೋ ತನಕ ಒತ್ತಿ, ಎಣ್ಣೆ ಹನಿಯಾಗಿ ತೊಟ್ಟಿಕ್ಕುತ್ತದೋ ಮಂಜಿನಂತೆ ಹರಡುತ್ತದೋ ಅಂತ ನೋಡುವ ಆ ಮನುಷ್ಯ ಇಂಜೆಕ್ಷನ್ ಬಲ್ಲವನಲ್ಲದೆ ಮತ್ತೇನು? ಪೆಟ್ರೋಲ್ ಗಾಡಿಗಳ ಸಾಮಾನ್ಯ ಇಂಜೆಕ್ಷನ್ನಿನಲ್ಲಿ ಒತ್ತಡ ಬರೀ 3 ಬಾರ್ ಆಸುಪಾಸು.

ಡೀಸೆಲ್ಲಿನಲ್ಲಿ ಇಂಜೆಕ್ಷನ್ ಇತ್ತು, ಆದರೆ ಹಳೇ ಡೀಸೆಲ್ ಇಂಜಿನ್ನುಗಳಿಗೆ ಸಾಮಾನ್ಯವಾಗಿ ಥ್ರಾಟಲ್ ಇರಲಿಲ್ಲ. ಗಾಳಿ ಬೇಕಾದಷ್ಟು ಒಳಗೆ ಹೋಗಲಿ, ಎಣ್ಣೆ ಹೆಚ್ಚುಕಡಿಮೆ ಮಾಡಿದರೆ ಸಾಕು ಅನ್ನೋದು ಅದರ ರೀತಿ. ಪೆಟ್ರೋಲ್ ಗಾಡಿಯ ಕಾರ್ಬುರೇಟರಿನಲ್ಲಿ ಥ್ರಾಟಲ್ ಇತ್ತು, ಇಂಜೆಕ್ಷನ್ ಇರಲಿಲ್ಲ. ಒಂದೇ ಪೇಟೆಯಲ್ಲಿ, ಒಂದೇ ರಸ್ತೆಯ ಎರಡು ಬದಿಗೆ, ಈ ಎರಡು ವಿದ್ಯೆಗಳು ದಶಕಗಟ್ಟಲೆ ಅಂಗಡಿ ಇಟ್ಟುಕೊಂಡು ಕೂತಿದ್ದವು. ಕಾರ್ಬುರೇಟರನ್ನು ಥ್ರಾಟಲ್ ಬಾಡಿ ಮಾಡೋದು ಅಂದರೆ ಇವೆರಡರ ಬೀಗತನ.

ಕಾರ್ಬುರೇಟರ್ ಬದಿಯ ಅಂಗಡಿಗಳಿಗೂ ಒಂದು ಕಾಲ ಇತ್ತು. ಪೆಟ್ರೋಲಿನಲ್ಲಿ ಚಾಲೂ ಆಗಿ ಚಿಮಣಿ ಎಣ್ಣಿಯಲ್ಲಿ ಓಡುವ ಸಣ್ಣ ಪಂಪುಗಳು, ಮೈಸೂರಿನಲ್ಲಿ 1996ರ ತನಕ ತಯಾರಾದ ಜಾವಾ ಮತ್ತು ಯೆಜ್ದಿ, ಪುಣೆಯ ಲೂನಾ, ಹಾಲಿನ ಕ್ಯಾನು ಹೊರುವ ಎಂ80, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಎಲ್ಲದರಲ್ಲೂ ಕಾರ್ಬುರೇಟರೇ. ಗಡಿಯ ರಸ್ತೆಯಲ್ಲಿ ಚಿಕ್ಕೋಡಿಯ ಕೆಎ 23, ಕೊಲ್ಲಾಪುರದ ಎಂಎಚ್ 09, ಸಾಂಗಲಿಯ ಎಂಎಚ್ 10 ಬೆರೆತು ಓಡುವಂತೆ, ಗ್ಯಾರೇಜಿನ ಭಾಷೆಯಲ್ಲೂ ಕನ್ನಡ ಮರಾಠಿ ಬೆರೆತಿತ್ತು. ಸ್ಕ್ರೂ ಡ್ರೈವರ್ ಒಂದು, ಕಿವಿ ಎರಡು, ಇಷ್ಟೇ ಬಂಡವಾಳ. ಸ್ಕ್ರೂ ಪೂರ್ತಿ ಬಿಗಿದು, ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟು, ಸದ್ದು ಕೇಳಿ ನಿಲ್ಲಿಸುತ್ತಿದ್ದರು. ಸ್ಪಾರ್ಕ್ ಪ್ಲಗ್ ಕಪ್ಪಾಗಿದ್ದರೆ ಎಣ್ಣೆ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಇಟ್ಟಿಗೆ ಬಣ್ಣ ಇದ್ದರೆ ಬರೋಬ್ಬರಿ.

ಪೆಟ್ರೋಲಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂದದ್ದು ಹೊಗೆಯ ಕಾನೂನಿನ ಒತ್ತಡದಿಂದ. ಅಮೆರಿಕಾದ ಹೊಗೆ ನಿಯಮಕ್ಕೆ ಹೊಂದಲು 1967ರಲ್ಲಿ ಫೋಕ್ಸ್‌ವಾಗನ್ ತನ್ನ 1600 ಕಾರಿಗೆ ಬಾಷ್‌ನ ಡಿ-ಜೆಟ್ರಾನಿಕ್ ಹಾಕಿತು. ನಮ್ಮಲ್ಲಿ 1999ರ ಸುಪ್ರೀಂ ಕೋರ್ಟ್ ಆದೇಶ ದಿಲ್ಲಿ ಸುತ್ತಮುತ್ತ ಯುರೋ ನಿಯಮ ತಂದ ಮೇಲೆ, ಮಾರುತಿ 800ರ ಬೆನ್ನಿಗೆ ಎಂಪಿಎಫ್‌ಐ ಅನ್ನೋ ಅಕ್ಷರಗಳು ಬಂದವು. ಬೈಕುಗಳಲ್ಲಿ ಮೊದಲು ಬಂದದ್ದು 2006ರ ಹೀರೋ ಹೋಂಡಾ ಗ್ಲಾಮರ್. 2007ರಲ್ಲಿ ಬಜಾಜ್ ಪಲ್ಸರ್ 220ಕ್ಕೆ ಇಂಜೆಕ್ಷನ್ ಹಾಕಿ, 2009ರಲ್ಲಿ ಅದನ್ನು ತೆಗೆದು ಮತ್ತೆ ಕಾರ್ಬುರೇಟರ್ ಹಾಕಿತು, ಬೆಲೆಯೂ ಇಳೀತು! ರಾಯಲ್ ಎನ್‌ಫೀಲ್ಡ್ 500 ಕೊಂಡವರಲ್ಲಿ ಕೆಲವರು ಇಂಜೆಕ್ಷನ್ ಕಿತ್ತು ಕಾರ್ಬುರೇಟರ್ ಕೂರಿಸಿಕೊಂಡದ್ದೂ ಉಂಟು. ಹಳ್ಳಿಯ ದಾರಿಯಲ್ಲಿ ಕೆಟ್ಟು ನಿಂತರೆ ಯಾರು ನೋಡ್ತಾರೆ ಅನ್ನೋ ಅಂಜಿಕೆ ಅದರ ಹಿಂದೆ ಇತ್ತು. ಆ ಜಗ್ಗಾಟಕ್ಕೆ 2020ರ ಏಪ್ರಿಲ್ 1 ತೆರೆ ಎಳೀತು. ಬಿಎಸ್ 6 ಬಂದು, ಹೊಸ ಬೈಕುಗಳಿಂದ ಕಾರ್ಬುರೇಟರ್ ಹೆಚ್ಚುಕಡಿಮೆ ಮಾಯವಾಯಿತು.

ಇನ್ನು ಸಿಲಿಂಡರಿಗೊಂದು ಥ್ರಾಟಲ್ ಯಾಕೆ? ಸಾಮಾನ್ಯ ಕಾರಿನಲ್ಲಿ ಒಂದೇ ಥ್ರಾಟಲ್, ಅದರ ಹಿಂದೆ ಗಾಳಿಯ ದೊಡ್ಡ ಡಬ್ಬಿ, ಅಲ್ಲಿಂದ ಸಿಲಿಂಡರುಗಳಿಗೆ ಕೊಳವೆ. ಆಕ್ಸಲರೇಟರ್ ಒತ್ತಿದಾಗ ಮೊದಲು ಡಬ್ಬಿ ತುಂಬಬೇಕು. ಪ್ರತಿ ಸಿಲಿಂಡರಿನ ವಾಲ್ವಿನ ಹತ್ತಿರವೇ ಒಂದೊಂದು ಥ್ರಾಟಲ್ ಇದ್ದರೆ ಆ ಕಾಯುವಿಕೆ ಇಲ್ಲ, ಒತ್ತಿದ ಕೂಡಲೇ ಇಂಜಿನ್ ಓಗೊಡ್ತದೆ. 1940ರ ದಶಕದಲ್ಲಿ ಅಮೆರಿಕಾದ ಸ್ಟೂವರ್ಟ್ ಹಿಲ್‌ಬಾರ್ನ್ ರೇಸ್ ಕಾರುಗಳಿಗೆ ಇಂಥ ಇಂಜೆಕ್ಷನ್ ಮಾಡಿದ. 1978ರ ಬಿಎಂಡಬ್ಲ್ಯು ಎಂ1 ಕಾರಿನ ಆರು ಸಿಲಿಂಡರಿಗೆ ಆರು ಥ್ರಾಟಲ್ ಇದ್ದವು. ಇಟಲಿಯ ವೆಬರ್ ಜೋಡಿ ಕಾರ್ಬುರೇಟರುಗಳ ಚೆಲುವು ಎಷ್ಟೆಂದರೆ, ಇವತ್ತಿಗೂ ಅದೇ ಅಳತೆಯ ಫ್ಲಾಂಜ್ ಇಟ್ಟು, ಅದೇ ರೂಪದಲ್ಲಿ ಥ್ರಾಟಲ್ ಬಾಡಿ ಮಾಡಿ ಮಾರುವವರಿದ್ದಾರೆ. ಅಂದರೆ ಕಂಪನಿಗಳೇ ಥ್ರಾಟಲ್ ಬಾಡಿಗೆ ಕಾರ್ಬುರೇಟರಿನ ವೇಷ ಹಾಕ್ತಿವೆ. ಹವ್ಯಾಸಿಗಳು ಹಳೇ ಕಾರ್ಬುರೇಟರಿನಿಂದಲೇ ಆ ಪಾತ್ರ ಮಾಡಿಸ್ತಾರೆ.

ನಮ್ಮ ಕೈಗೆ ಸಿಗೋ ಸಾಮಾನಿನಿಂದ ಇದನ್ನು ಮಾಡೋದು ಹ್ಯಾಂಗೆ ಅಂತ ಯೋಚಿಸೋಣ. ಮಾರುತಿ 800ರ ಇಂಜಿನ್ 796 ಸಿಸಿ, ಸಿಲಿಂಡರ್ ಮೂರು. ಒಂದೊಂದಕ್ಕೆ ಸುಮಾರು 265 ಸಿಸಿ ಬರ್ತದೆ. ಗುಜರಿಯಲ್ಲಿ ಹಳೇ 150, 180 ಸಿಸಿ ಬೈಕುಗಳ ವ್ಯಾಕ್ಯೂಮ್ ಮಾದರಿಯ ಕಾರ್ಬುರೇಟರ್ ಸಿಗ್ತವೆ. ಅವುಗಳಲ್ಲಿ ಹ್ಯಾಂಡಲ್ಲಿನ ಕೇಬಲ್ಲಿಗೆ ತಿರುಗೋ ಬಟರ್‌ಫ್ಲೈ ತಗಡೂ ಇರ್ತದೆ, ಗಾಳಿಯ ಸೆಳೆತಕ್ಕೆ ಏಳುವ ಸ್ಲೈಡೂ ಇರ್ತದೆ. ಒಂದೇ ನಮೂನೆಯವು ಮೂರು ಬೇಕು. ಸ್ಲೈಡು, ಡಯಾಫ್ರಾಮು, ಸೂಜಿ, ಜೆಟ್ಟು, ಫ್ಲೋಟು ತೆಗೆದು, ಎಣ್ಣೆ ಮತ್ತು ಗಾಳಿಯ ಸಣ್ಣ ದಾರಿಗಳನ್ನೆಲ್ಲ ಮುಚ್ಚಬೇಕು. ಒಂದು ದಾರಿ ಮರೆತರೂ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿ ಐಡ್ಲಿಂಗ್ ನಿಲ್ಲೋದಿಲ್ಲ. ಸ್ಲೈಡಿದ್ದ ದೊಡ್ಡ ತೂತಿಗೆ ಲೇಥಿನಲ್ಲಿ ಅಲ್ಯೂಮಿನಿಯಂ ಗುಂಡು ತಿರುಗಿಸಿ ಬಿಗಿಯಬೇಕು.

ಇಂಜೆಕ್ಟರ್ ಎಲ್ಲಿ ಅನ್ನೋದು ಮುಂದಿನ ಪ್ರಶ್ನೆ. ಎಷ್ಟೋ ಕಾರ್ಬುರೇಟರುಗಳು ಸತು ಬೆರೆತ ಎರಕ, ಅವುಗಳ ಮೇಲೆ ವೆಲ್ಡಿಂಗ್ ಹಿಡಿಯೋದು ಕಷ್ಟ. ಅದಕ್ಕೇ ಇಂಜೆಕ್ಟರನ್ನು ಅಲ್ಯೂಮಿನಿಯಂ ಮ್ಯಾನಿಫೋಲ್ಡಿನಲ್ಲಿ, ವಾಲ್ವಿನ ಕಡೆ ಮುಖ ಮಾಡಿ ಕೂರಿಸೋದು ಜಾಣತನ. ಬಟರ್‌ಫ್ಲೈ ದಂಡದ ತುದಿಗೆ ಥ್ರಾಟಲ್ ಪೊಸಿಷನ್ ಸೆನ್ಸರ್ ಹೋಗ್ತದೆ. ಮೂರೂ ದಂಡಗಳನ್ನು ಒಂದೇ ಲಿಂಕಿಗೆ ಜೋಡಿಸಿ, ಮೂರು ವ್ಯಾಕ್ಯೂಮ್ ಗೇಜು ಹಚ್ಚಿ ಸಮ ಮಾಡಬೇಕು. ಒಂದರ ತಗಡು ಕೂದಲೆಳೆಯಷ್ಟು ಹೆಚ್ಚು ತೆರೆದಿದ್ದರೂ ಆ ಸಿಲಿಂಡರ್ ಒಂದೇ ಗುದ್ದಾಡ್ತದೆ. ಎಣ್ಣೆಯ ಹಳೇ ರಬ್ಬರ್ ಪೈಪನ್ನು ಹಾಗೇ ಬಿಡೋದಂತೂ ಬೆಂಕಿ ಕರೆದಂತೆ. ಕಾರ್ಬುರೇಟರಿಗೆ ಬರುತ್ತಿದ್ದ ಒತ್ತಡ ಒಂದು ಬಾರಿಗೂ ಬಹಳ ಕಡಿಮೆ, ಈಗ 3 ಬಾರ್.

ಉಳಿದದ್ದು ಮೆದುಳು. ಅಮೆರಿಕಾದ ಬೌಲಿಂಗ್ ಮತ್ತು ಗ್ರಿಪ್ಪೊ ಎಂಬಿಬ್ಬರು ಮೆಗಾಸ್ಕ್ವರ್ಟ್ ಅನ್ನೋ, ಮನೆಯಲ್ಲೇ ಜೋಡಿಸಿಕೊಳ್ಳುವ ಇಸಿಯು ಮಾಡಿ ದಾರಿ ತೋರಿಸಿದರು. ಆಮೇಲೆ ಆರ್ಡುಯಿನೊ ಬೋರ್ಡಿನ ಮೇಲೆ ಓಡುವ, ಯಾರು ಬೇಕಾದರೂ ತೆರೆದು ನೋಡಬಹುದಾದ ಸ್ಪೀಡುಯಿನೊ ಬಂತು. ಇವು ಕ್ರ್ಯಾಂಕಿನ ಹಲ್ಲು ಎಣಿಸಿ ವೇಗ ತಿಳಿದು, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅಂತ ಹೇಳ್ತವೆ. ಸಿಲಿಂಡರಿಗೊಂದು ಥ್ರಾಟಲ್ ಇದ್ದಾಗ ಮ್ಯಾನಿಫೋಲ್ಡಿನ ಒತ್ತಡ ವಿಪರೀತ ಕುಣೀತದೆ. ಹಾಗಾಗಿ ಬಹಳ ಮಂದಿ ಒತ್ತಡ ಬಿಟ್ಟು, ತಗಡು ಎಷ್ಟು ತೆರೆದಿದೆ ಮತ್ತು ಇಂಜಿನ್ ಎಷ್ಟು ಸುತ್ತುತ್ತಿದೆ ಎಂಬ ಎರಡೇ ಲೆಕ್ಕದ ಮೇಲೆ ಪಟ್ಟಿ ಬರೀತಾರೆ.

ಕಾನೂನಿನ ಮಾತೂ ಹೇಳಿಬಿಡ್ತೀನಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸೋದನ್ನು ತಡೀತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದ್ದರಿಂದ ಇದು ಟ್ರ್ಯಾಕಿನ ಗಾಡಿಗೆ, ನಿಂತಲ್ಲೇ ಓಡುವ ಇಂಜಿನ್ನಿಗೆ, ವರ್ಕ್‌ಶಾಪಿನ ಕಲಿಕೆಗೆ ಒಪ್ಪೋ ಕೆಲಸ. ನಿಪ್ಪಾಣಿ ಹೆದ್ದಾರಿಯಲ್ಲಿ ಮೆರೆಸೋದಲ್ಲ.

ಹಾಗಾದರೆ ಇಷ್ಟೆಲ್ಲ ಯಾಕ್ರೀ ಅಂತ ನೀವು ಕೇಳಬಹುದು. ಅಲ್ಲಿಗೇ ನಮ್ಮ ಕಬ್ಬು ಬರ್ತದೆ.

1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ಸ್‌ನಿಂದ ಹಿಡಿದು, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿ ತಾಲ್ಲೂಕು ಕೋಕಟನೂರಿನ ರೇಣುಕಾ ತನಕ ನಮ್ಮದು ಸಕ್ಕರೆ ಕಾರ್ಖಾನೆಗಳ ಸೀಮೆ. ಕಬ್ಬಿನ ಕಾಕಂಬಿಯಿಂದ, ರಸದಿಂದ ಎಥನಾಲ್ ಬರ್ತದೆ. ಎಥನಾಲನ್ನು ಪೆಟ್ರೋಲಿಗೆ ಬೆರೆಸೋದು ಹೊಸ ಯೋಚನೆಯೇನಲ್ಲ. 1948ರಲ್ಲೇ ನಮ್ಮ ದೇಶದಲ್ಲಿ ಪವರ್ ಆಲ್ಕೋಹಾಲ್ ಕಾಯ್ದೆ ಆಗಿತ್ತು. ಆದರೆ ಈ ಪ್ರಮಾಣದಲ್ಲಿ ಆದದ್ದು ಈಗ. 2022ಕ್ಕೆ ಶೇ. 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ಕ್ಕೆ ಶೇ. 20 ಆಗಿಬಿಟ್ಟಿತು.

ಇದು ಕಾರ್ಬುರೇಟರಿಗೆ ಯಾಕೆ ಕುತ್ತು? ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲಿಗೆ ಸುಮಾರು 9 ಕಿಲೋ ಸಾಕು. ಇ20 ಆದರೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಎಣ್ಣೆ ಬೇಕು. ಆದರೆ ಜೆಟ್ಟಿನ ತೂತು ಮೊದಲಿನಷ್ಟೇ. ಹಳೇ ಗಾಡಿ ಎಣ್ಣೆ ಸಾಲದೆ ಬಿಸಿಯಾಗ್ತದೆ, ಚಳಿಗಾಲದ ಬೆಳಿಗ್ಗೆ ಚಾಲೂ ಆಗಲು ಹಟ ಮಾಡ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳೋದರಿಂದ ಬಟ್ಟಲಿನಲ್ಲಿ ತುಕ್ಕು ಹಿಡೀತದೆ, ಹಳೇ ರಬ್ಬರು ಉಬ್ಬುತ್ತದೆ. ಆಮ್ಲಜನಕದ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ಹೊಗೆಯ ವಾಸನೆ ಹಿಡಿದು ತಾನೇ ಎಣ್ಣೆ ಹೆಚ್ಚಿಸಿಕೊಳ್ತದೆ. ಕಾರ್ಬುರೇಟರಿಗೆ ಮೂಗಿಲ್ಲ. ಮೈಲೇಜಂತೂ ಇಳೀತದೆ. ನೀತಿ ಆಯೋಗದ 2021ರ ವರದಿಯೇ, ಇ20ಕ್ಕಾಗಿ ಮಾಡದ ಕಾರುಗಳಲ್ಲಿ ಶೇ. 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4 ಇಳಿಯಬಹುದು ಅಂದಿತ್ತು.

ಅಂದರೆ ರಾಯಬಾಗದ ರೈತ ಬೆಳೆದ ಕಬ್ಬು ಕಾರ್ಖಾನೆಗೆ ಹೋಗಿ, ಎಥನಾಲ್ ಆಗಿ, ಪಂಪಿನ ಮೂಲಕ ಅವನದೇ ಹಳೇ ಬೈಕಿನ ಕಾರ್ಬುರೇಟರಿಗೆ ಮರಳಿ ಬರ್ತದೆ. ಎಥನಾಲ್ ಮಾರಿದ ದುಡ್ಡಿನಿಂದ ಕಬ್ಬಿನ ಬಿಲ್ ಬೇಗ ಕೈಸೇರಲಿ ಅನ್ನೋದೂ ಈ ಯೋಜನೆಯ ಒಂದು ಉದ್ದೇಶ, ಅದು ಸಣ್ಣ ಮಾತಲ್ಲ. ಆದರೆ ಆ ಬಿಲ್ಲಿನ ಒಂದು ಪಾಲನ್ನು ಅವನು ಗ್ಯಾರೇಜಿಗೆ ಕಟ್ಟಬೇಕಾಗ್ತದೆ.

ದಿನಬಳಕೆಯ ಎಂ80ಗೆ ಥ್ರಾಟಲ್ ಬಾಡಿ ಮಾಡ್ರಿ ಅಂತ ನಾನು ಹೇಳೋದಿಲ್ಲ. ಅದಕ್ಕೆ ಒಂದು ನಂಬರ್ ದೊಡ್ಡ ಜೆಟ್ಟು, ಹೊಸ ಫ್ಲೋಟ್ ಸೂಜಿ, ಎಥನಾಲ್ ತಡೆಯೋ ಪೈಪು ಹಾಕಿದರೆ ನಡೀತದೆ. ನಾನು ಹೇಳೋದು ಕೈಕಸುಬಿನ ಬಗ್ಗೆ. ಸ್ಕ್ಯಾನರ್ ಇಲ್ಲದ, ಕಿವಿಯನ್ನೇ ನಂಬಿದ ಮೆಕ್ಯಾನಿಕ್ಕನ ಮುಂದೆ ಹೊಸ ಗಾಡಿ ಬಂದು ನಿಂತರೆ ಅವನು ಕೈ ಚೆಲ್ತಾನೆ. ಗಿರಾಕಿ ಕಂಪನಿ ಸರ್ವಿಸ್ ಸೆಂಟರಿಗೆ ಹೋಗ್ತಾನೆ. ಆ ಮೆಕ್ಯಾನಿಕ್ ಒಮ್ಮೆ ತನ್ನದೇ ಕೈಯಿಂದ ಕಾರ್ಬುರೇಟರನ್ನು ಥ್ರಾಟಲ್ ಬಾಡಿ ಮಾಡಿ ನೋಡಿದರೆ, ಇಂಜೆಕ್ಷನ್ ಬೀಗ ಹಾಕಿದ ಪೆಟ್ಟಿಗೆ ಅನ್ನೋ ಭಯ ಹೋಗ್ತದೆ. ಗಾಳಿ ಅಳೆಯೋದು ಅವನಿಗೆ ಮೊದಲೇ ಗೊತ್ತು. ಎಣ್ಣೆ ಚಿಮ್ಮಿಸೋದು ರಸ್ತೆಯ ಆಚೆ ಬದಿಯ ನಾಝಲ್ ಅಂಗಡಿಯವನಿಗೆ ಗೊತ್ತು. ಹೊಸದಾಗಿ ಕಲಿಯಬೇಕಾದ್ದು ನಡುವಿನ ಲೆಕ್ಕ ಒಂದೇ, ಅದನ್ನು ಮೊಬೈಲ್ ಹಿಡಿದು ಬೆಳೆದ ಮಕ್ಕಳು ವಾರದಲ್ಲಿ ಕಲೀತಾರೆ.

ನಮ್ಮ ಐಟಿಐಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ಒಂದು ಹಳೇ ಮಾರುತಿ ಇಂಜಿನ್ನನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗುಜರಿಯ ಮೂರು ಕಾರ್ಬುರೇಟರು ಹುಡುಗರ ಕೈಗೆ ಕೊಟ್ಟು, ಇ20 ಪೆಟ್ರೋಲಿನಲ್ಲಿ ಓಡಿಸಿ ತೋರಿಸ್ರಿ ಅಂದರೆ ಸಾಕು. ಪಾಠಕ್ಕೆ ಬೇಕಾದ ಎಣ್ಣೆ ಹೆಂಗೂ ನಮ್ಮ ಹೊಲದಲ್ಲೇ ಬೆಳೀತದೆ.